ಆನ್‌ಲೈನ್ ಕೋರ್ಸ್‌ಗೆ ಕ್ಯಾಮೆರಾಗಿಂತ ಮೊದಲು ಬೇಕಾಗಿರುವುದು

ಬಿ.ಕಾಂ. ಅಕೌಂಟೆನ್ಸಿ ಪೇಪರನ್ನು ಮುಂದಿನ ಸೆಮಿಸ್ಟರ್ ಪೂರ್ತಿ ಆನ್‌ಲೈನ್‌ನಲ್ಲೇ ನಡೆಸಬೇಕು, ಯಾವ ಕ್ಯಾಮೆರಾ ತಗೊಳ್ಳಲಿ, ವಿಡಿಯೊ ಎಷ್ಟು ಉದ್ದ ಇರಬೇಕು ಅಂತ ಕೇಳಿದ್ದೀರಿ. ನಾನೂ ಅದೇ ವಿಷಯವನ್ನು ಆನ್‌ಲೈನ್‌ನಲ್ಲಿ ಪಾಠ ಮಾಡುತ್ತೇನೆ. ಕ್ಯಾಮೆರಾ ಫೋನಿನದ್ದೇ ಸಾಕು. ದುಡ್ಡು ಹಾಕುವುದಾದರೆ ಮೈಕಿಗೆ ಹಾಕಿ. ಮಾತು ಸರಿಯಾಗಿ ಕೇಳಿಸದಿದ್ದರೆ ಯಾರೂ ಕೂರುವುದಿಲ್ಲ.

ವಿಡಿಯೊ ಚಿಕ್ಕದಿರಲಿ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸ್ ತಾಣದ ನಾಲ್ಕು ಕೋರ್ಸ್‌ಗಳಲ್ಲಿ ಜನ ಸುಮಾರು 69 ಲಕ್ಷ ಸಲ ವಿಡಿಯೊ ನೋಡಿದ್ದರ ದಾಖಲೆ ಇಟ್ಟುಕೊಂಡು 2014ರಲ್ಲಿ ಒಂದು ಅಧ್ಯಯನ ಬಂತು. ವಿಡಿಯೊ ಎಷ್ಟೇ ಉದ್ದ ಇದ್ದರೂ ಸಾಮಾನ್ಯವಾಗಿ ಜನ ನೋಡುವುದು ಆರು ನಿಮಿಷದ ಒಳಗೇ ಅಂತ ಅದರಲ್ಲಿ ಗೊತ್ತಾಯಿತು. ಒಂದು ಗಂಟೆಯ ಕ್ಲಾಸನ್ನು ಹಾಗೇ ರೆಕಾರ್ಡ್ ಮಾಡಿ ಹಾಕಬೇಡಿ.

ಆದರೆ ವಿಡಿಯೊ ನೋಡಿದ ಮೇಲೆ ವಿದ್ಯಾರ್ಥಿ ಕೂತು ಏನು ಮಾಡಬೇಕು? ಕೋರ್ಸ್ ಅಂದರೆ ಅದೇ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ವೇದಿಕೆ ‘ಸ್ವಯಂ’ನ ಕೋರ್ಸ್‌ಗೆ ನಾಲ್ಕು ಭಾಗ ಇರಬೇಕು ಅಂತ ನಿಯಮವಿದೆ: ವಿಡಿಯೊ, ಓದುವ ಸಾಮಗ್ರಿ, ಚರ್ಚೆ, ಪರೀಕ್ಷೆ. ನಾನು ನೋಡಿದಂತೆ ಮೇಷ್ಟ್ರುಗಳ ಶ್ರಮವೆಲ್ಲ ಮೊದಲೆರಡಕ್ಕೇ ಮುಗಿದುಹೋಗುತ್ತದೆ. ಕಲಿಕೆ ನಡೆಯುವುದು ಮಾತ್ರ ಕೊನೆಯ ಎರಡರಲ್ಲೇ ಜಾಸ್ತಿ.

ಸವಕಳಿಯ (ಬಳಸಿದಂತೆ ವಸ್ತುವಿನ ಬೆಲೆ ಇಳಿಯುವ ಲೆಕ್ಕ, ಡಿಪ್ರಿಸಿಯೇಷನ್) ವಾರವನ್ನೇ ತಗೊಳ್ಳಿ. ನಾನು ಮೊದಲು ತಯಾರು ಮಾಡುವುದು ಪ್ರಶ್ನೆ, ವಿಡಿಯೊ ಆಮೇಲೆ. ಒಂದು ಲಕ್ಷ ರೂಪಾಯಿಯ ಮಶೀನನ್ನು ಅಕ್ಟೋಬರ್ 1ರಂದು ಕೊಂಡರು. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ದರ ವರ್ಷಕ್ಕೆ ಶೇ. 10, ರಿಟನ್ ಡೌನ್ ವ್ಯಾಲ್ಯೂ ಮೆಥಡ್, ಅಂದರೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಲೆಕ್ಕ. ಎರಡನೇ ವರ್ಷದ ಸವಕಳಿ ಎಷ್ಟು? ಸರಿ ಉತ್ತರ 9,500. ಆಯ್ಕೆಗಳಲ್ಲಿ 9,000 ಮತ್ತು 10,000 ಕೂಡ ಇರುತ್ತವೆ, ಸುಮ್ನೆ ಹಾಕಿದ್ದಲ್ಲ. 9,000 ಅಂದವರು ಮೊದಲ ವರ್ಷ ಆರೇ ತಿಂಗಳು ಅನ್ನುವುದನ್ನು ಮರೆತಿದ್ದಾರೆ. 10,000 ಅಂದವರು ಸ್ಟ್ರೈಟ್ ಲೈನ್‌ನಲ್ಲಿ, ಅಂದರೆ ಪ್ರತಿ ವರ್ಷ ಮೂಲ ಬೆಲೆಯ ಮೇಲೇ ಮಾಡಿದ್ದಾರೆ. ಎದುರಿಗೆ ಮುಖ ಕಾಣದ ಕ್ಲಾಸಿನಲ್ಲಿ ಯಾರಿಗೆ ಎಲ್ಲಿ ತೊಡಕಾಗಿದೆ ಅಂತ ನನಗೆ ಹೇಳುವುದು ಈ ತಪ್ಪು ಆಯ್ಕೆಗಳೇ. 9,000 ಒತ್ತಿದವರಿಗೆ ತಕ್ಷಣ ಒಂದು ಸಾಲು ಕಾಣುತ್ತದೆ: ‘ಕೊಂಡ ತಾರೀಖನ್ನು ಇನ್ನೊಮ್ಮೆ ನೋಡಿ.’ ಉತ್ತರ ಹೇಳಿಬಿಡುವುದಿಲ್ಲ. ಇಂಥ ಒಂದು ಪ್ರಶ್ನೆ ಮಾಡುವುದಕ್ಕೆ ಅರ್ಧ ಗಂಟೆ ಹಿಡಿಯಬಹುದು. ಹಿಡಿಯಲಿ ಬಿಡಿ.

ಚರ್ಚೆಗೆ ‘ನಿಮ್ಮ ಅಭಿಪ್ರಾಯ ಬರೆಯಿರಿ’ ಅಂತ ಕೊಟ್ಟರೆ ಎಲ್ಲರೂ ಒಂದೇ ಥರ ಬರೆಯುತ್ತಾರೆ. ಅದರ ಬದಲು ಇನ್ಫೋಸಿಸ್‌ನ ವಾರ್ಷಿಕ ವರದಿ ತೆರೆಯಲು ಹೇಳಿ. ಕಂಪ್ಯೂಟರಿನಂಥವುಗಳ ಸವಕಳಿ ಸ್ಟ್ರೈಟ್ ಲೈನ್ ಅಂತ ಅದರಲ್ಲಿ ಸಿಗುತ್ತದೆ. ಆದಾಯ ತೆರಿಗೆಯ ಲೆಕ್ಕಕ್ಕೆ ಬಂದರೆ ಅದೇ ಕಂಪ್ಯೂಟರಿಗೆ ರಿಟನ್ ಡೌನ್ ವ್ಯಾಲ್ಯೂ. ಒಂದೇ ವಸ್ತುವಿಗೆ ಎರಡು ಲೆಕ್ಕ ಯಾಕೆ? ಇದಕ್ಕೆ ಹುಡುಗರು ನಿಜವಾಗಿ ಜಗಳಕ್ಕೆ ಬೀಳುತ್ತಾರೆ, ಓದಲು ಖುಷಿಯಾಗುತ್ತದೆ.

ಡೆಡ್‌ಲೈನ್ ಪ್ರತಿ ವಾರ ಒಂದೇ ದಿನ ಇರಲಿ. ಎಲ್ಲ ಒಂದೇ ಜಾಗದಲ್ಲಿ ಸಿಗಲಿ. ಅರ್ಧ ವಾಟ್ಸಾಪ್‌ನಲ್ಲಿ, ಅರ್ಧ ಮೇಲ್‌ನಲ್ಲಿ ಬೇಡ. ನೋಟ್ಸ್ ಫೋನಿನಲ್ಲಿ ಓದುವಂತಿರಲಿ.

ಇನ್ನು, ಮಧ್ಯದಲ್ಲೇ ಕಾಣೆಯಾಗುವವರು. 2012ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೊದಲ ಉಚಿತ ಆನ್‌ಲೈನ್ ಕೋರ್ಸ್‌ಗೆ ಸುಮಾರು 1.55 ಲಕ್ಷ ಜನ ಸೇರಿದ್ದರು. ಸರ್ಟಿಫಿಕೇಟ್ ತನಕ ಬಂದವರು ಸುಮಾರು 7 ಸಾವಿರ. ಅಲ್ಲಿ ಯಾರು ಬೇಕಾದರೂ ಸೇರಬಹುದಿತ್ತು. ನಿಮ್ಮ ಕ್ಲಾಸಿನಲ್ಲಿ ಇರುವವರು ಅರವತ್ತೋ ಎಪ್ಪತ್ತೋ ಮಂದಿ, ಅಲ್ವಾ? ಒಂದು ವಾರದ ಲೆಕ್ಕ ಬರದಿದ್ದರೆ ಆ ಹುಡುಗನಿಗೇ ಹೆಸರು ಹಿಡಿದು ಬರೆಯಿರಿ: ‘ಲೆಕ್ಕ ಬಂದಿಲ್ಲ, ಹುಷಾರಾಗಿದ್ದೀಯೇನಪ್ಪಾ? ಎಲ್ಲಿ ನಿಂತಿದೆ ಹೇಳು.’ ಎಲ್ಲರಿಗೂ ಒಟ್ಟಿಗೆ ಕಳಿಸುವ ಎಚ್ಚರಿಕೆಗಿಂತ ಇದಕ್ಕೆ ಉತ್ತರ ಬರುವುದು ಜಾಸ್ತಿ. ಎರಡನೇ ವಾರದಲ್ಲೇ ಬರೆಯಿರಿ, ಇಂಟರ್ನಲ್ಸ್ ತನಕ ಕಾಯಬೇಡಿ.

ಕಾಪಿಯ ಚಿಂತೆ ನಿಮಗೂ ಇರುತ್ತದೆ. ಆನ್‌ಲೈನ್ ಕೋರ್ಸ್ ನಡೆಸುವ ಮೂಡಲ್ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದರಲ್ಲಿ ‘ಕ್ಯಾಲ್ಕ್ಯುಲೇಟೆಡ್’ ಅನ್ನುವ ಬಗೆಯ ಪ್ರಶ್ನೆ ಇದೆ. ಲೆಕ್ಕ ಒಂದೇ, ಅಂಕಿ ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆ. ಜೊತೆಗೆ ಸೆಮಿಸ್ಟರ್‌ನಲ್ಲಿ ಒಮ್ಮೆ ಪ್ರತಿಯೊಬ್ಬರನ್ನೂ ಐದು ನಿಮಿಷ ಕಾಲ್‌ಗೆ ಕರೆದು, ಅವರೇ ಕಳಿಸಿದ ಒಂದು ಲೆಕ್ಕ ತೋರಿಸಿ ‘ಈ ಅಂಕಿ ಎಲ್ಲಿಂದ ಬಂತು?’ ಅಂತ ಕೇಳಿ.