ಬೋಯ್ ಜಾಗ ಬದಲಿಸಿದರೆ ದೋಣಿಯವರಿಗೆ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯವರು ಮಲ್ಪೆಯಿಂದ ಟ್ರಾಲ್ ಬೋಟ್ ನಡೆಸುತ್ತಾರೆ. ಕಳೆದ ವರ್ಷ ಹೊರರಾಜ್ಯದ ಬಂದರೊಂದಕ್ಕೆ ಹೋದಾಗ, ಒಳದಾರಿಯ ಬೋಯ್ (ನೀರಿನಲ್ಲಿ ತೇಲುವ ದಾರಿಗುರುತು) ಒಂದು ಮೊಬೈಲ್ ನಕಾಶೆ ತೋರಿಸಿದ ಕಡೆ ಇರಲಿಲ್ಲ. ಅಲ್ಲಿನ ದೀಪಸ್ತಂಭದ ಬೆಳಕೂ ಮೊದಲಿನಂತೆ ಸುತ್ತದೆ ನಿಂತಲ್ಲೇ ಮಿನುಗುತ್ತಿತ್ತಂತೆ. ಇಂಥ ಬದಲಾವಣೆಗಳನ್ನು ಯಾರು ತಿಳಿಸುತ್ತಾರೆ? ಜಿಪಿಎಸ್ ಇರುವಾಗ ಇವೆಲ್ಲ ಬೇಕೇ?

ಉತ್ತರ: ಮೊದಲು ದೀಪದ ವಿಷಯ. ಹಳೆಯ ಪದ್ಧತಿಯಲ್ಲಿ ದೀಪ ಸದಾ ಉರಿಯುತ್ತಿತ್ತು. ಅದರ ಸುತ್ತಲಿನ ದೊಡ್ಡ ಗಾಜಿನ ಮಸೂರ, ಎಷ್ಟೋ ಕಡೆ ಪಾದರಸದ ತೊಟ್ಟಿಯ ಮೇಲೆ ತೇಲುತ್ತ, ಸುತ್ತುತ್ತಿತ್ತು. ಬೆಳಕಿನ ಕೋಲು ನಮ್ಮತ್ತ ತಿರುಗಿದಾಗ ಮಿಂಚಿದಂತೆ ಕಾಣುತ್ತಿತ್ತು. ಎಲ್‌ಇಡಿ ದೀಪವನ್ನು ನೇರವಾಗಿ ಹೊತ್ತಿಸಿ ಆರಿಸಬಹುದಾದ್ದರಿಂದ ಸುತ್ತುವ ಅಗತ್ಯವೇ ಉಳಿಯುವುದಿಲ್ಲ. 1901ರಲ್ಲಿ ಕಟ್ಟಿದ ಕಾಪುವಿನ ಗೋಪುರ ನಮ್ಮ ಕಣ್ಣಿಗೆ ಹಾಗೆಯೇ ನಿಂತಿದೆ, ಆದರೆ ಅಂದಿನ ಎಣ್ಣೆಯ ದೀಪ ಈಗ ಅಲ್ಲಿಲ್ಲ. ನಾವಿಕನಿಗೆ ಮುಖ್ಯವಾದದ್ದು ಮಿಂಚಿನ ಲೆಕ್ಕ. ಹತ್ತು ಸೆಕೆಂಡಿಗೊಮ್ಮೆ ಎರಡು ಮಿಂಚು ಎಂದು ನಕಾಶೆಯಲ್ಲಿದ್ದರೆ, ಒಂದು ಜೋಡಿಯ ಮೊದಲ ಮಿಂಚಿನಿಂದ ಮುಂದಿನ ಜೋಡಿಯ ಮೊದಲ ಮಿಂಚಿನವರೆಗೆ ಗಡಿಯಾರ ಹಿಡಿದು ಎಣಿಸಬೇಕು. ಆ ಲೆಕ್ಕ ಸರಿಬಂದರೆ ಸುತ್ತುವ ಬೆಳಕು ನಿಂತದ್ದರಿಂದ ಏನೂ ಕೆಡುವುದಿಲ್ಲ.

ಬೋಯ್ ವಿಷಯ ಹಾಗಲ್ಲ. ಅದು ತಳದಲ್ಲಿ ಕೂತ ಭಾರಕ್ಕೆ ಸರಪಳಿಯಿಂದ ಕಟ್ಟಿದ ತೇಲುಗುರುತು. ಉಬ್ಬರವಿಳಿತಕ್ಕೆ ತಕ್ಕಂತೆ ಭಾರದ ಸುತ್ತ ಓಲಾಡುತ್ತದೆ, ಮಳೆಗಾಲದ ಅಲೆಗೆ ಭಾರವನ್ನೇ ಎಳೆದುಕೊಂಡು ಸರಿಯುವುದೂ ಉಂಟು. ಅಳಿವೆಯಲ್ಲಿ ಮರಳುದಿಣ್ಣೆ ಜಾಗ ಬದಲಿಸಿದಾಗ, ಇಲ್ಲವೇ ಹೂಳೆತ್ತಿದ ಮೇಲೆ, ಬಂದರಿನವರೇ ಅದನ್ನು ಬೇರೆಡೆ ಇಡುತ್ತಾರೆ. ಆದ್ದರಿಂದ ಬೋಯ್ ಒಂದನ್ನೇ ನಂಬಿ ದೋಣಿ ಎಲ್ಲಿದೆ ಎಂದು ನಿರ್ಧರಿಸಬಾರದೆಂಬುದು ಹಳೆಯ ನಿಯಮ.

ಭಾರತದಲ್ಲಿ ದೀಪಸ್ತಂಭಗಳ ಹೊಣೆ ದೀಪಸ್ತಂಭ ಮತ್ತು ದೀಪನೌಕೆಗಳ ಮಹಾನಿರ್ದೇಶನಾಲಯದ್ದು. 1927ರ ದೀಪಸ್ತಂಭ ಕಾಯ್ದೆಯ ಬದಲು 2021ರಲ್ಲಿ ಹೊಸ ಕಾಯ್ದೆ ಬಂದಿದೆ. ಬದಲಾವಣೆಯನ್ನು ಲೋಕಕ್ಕೆ ತಿಳಿಸುವುದು ಸಮುದ್ರದ ನಕಾಶೆಗಳನ್ನು ತಯಾರಿಸುವ, ಡೆಹ್ರಾಡೂನ್‌ನಲ್ಲಿರುವ ನೌಕಾಪಡೆಯ ಜಲಮಾಪನ ಕಚೇರಿ. ಅದು ಹದಿನೈದು ದಿನಕ್ಕೊಮ್ಮೆ ಹೊರಡಿಸುವ ‘ನಾವಿಕರಿಗೆ ಸೂಚನೆ’ಗಳನ್ನು ನೋಡಿ ಹಡಗಿನ ಅಧಿಕಾರಿ ಕಾಗದದ ನಕಾಶೆಯನ್ನು ತಿದ್ದುತ್ತಾನೆ: ಶಾಶ್ವತ ಬದಲಾವಣೆಗೆ ನೇರಳೆಗೆಂಪು ಶಾಯಿ, ತಾತ್ಕಾಲಿಕವಾದುದಕ್ಕೆ ಅಳಿಸಬಹುದಾದ ಪೆನ್ಸಿಲ್. ಶಾಯಿಯ ತಿದ್ದುಪಡಿಯ ಸೂಚನಾ ಸಂಖ್ಯೆಯನ್ನು ನಕಾಶೆಯ ಕೆಳ ಎಡಮೂಲೆಯಲ್ಲಿ ಬರೆದಿಡುತ್ತಾನೆ. ಆ ಮೂಲೆ ನೋಡಿದರೆ ನಕಾಶೆ ಎಷ್ಟು ಹಳತೆಂದು ತಿಳಿಯುತ್ತದೆ. ನಿಮ್ಮ ಮನೆಯವರ ಮೊಬೈಲ್ ನಕಾಶೆಗೆ ಇಂಥ ಮೂಲೆಯಿಲ್ಲ, ನನ್ನ ಆಕ್ಷೇಪ ಅಷ್ಟೇ. ತುರ್ತು ಎಚ್ಚರಿಕೆಗಳು ರೇಡಿಯೊದಲ್ಲಿ, 518 ಕಿಲೋಹರ್ಟ್ಸ್‌ನ ನ್ಯಾವ್‌ಟೆಕ್ಸ್ (ಹಡಗುಗಳಿಗೆ ಎಚ್ಚರಿಕೆಯನ್ನು ಅಕ್ಷರರೂಪದಲ್ಲಿ ಕಳಿಸುವ ವ್ಯವಸ್ಥೆ) ಮೂಲಕ, ಬರುತ್ತವೆ.

ಎಚ್ಚರಿಕೆ ಕೊಟ್ಟಮಾತ್ರಕ್ಕೆ ಎಲ್ಲರಿಗೂ ಮುಟ್ಟೀತೆಂದೂ ಇಲ್ಲ. 2002ರ ಡಿಸೆಂಬರಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ‘ಟ್ರೈಕಲರ್’ ಎಂಬ ಕಾರು ಸಾಗಿಸುವ ಹಡಗು ಮುಳುಗಿತು. ರೇಡಿಯೊ ಎಚ್ಚರಿಕೆಯಿದ್ದರೂ, ಕಾವಲು ಹಡಗುಗಳಿದ್ದರೂ, ಕೆಲವೇ ದಿನಗಳಲ್ಲಿ ಬೇರೆ ಹಡಗುಗಳು ಅದಕ್ಕೆ ಬಡಿದವು. ಹೊಸದಾಗಿ ಮುಳುಗಿದ ಹಡಗನ್ನು ಗುರುತಿಸಲು ನೀಲಿ–ಹಳದಿ ಪಟ್ಟೆಯ ಬೋಯ್ ರೂಢಿಗೆ ಬಂದದ್ದು ಆ ಪ್ರಕರಣದ ಬಳಿಕ. ರಾತ್ರಿಯಲ್ಲಿ ಅದು ಒಮ್ಮೆ ನೀಲಿ, ಒಮ್ಮೆ ಹಳದಿ ಮಿಂಚುತ್ತದೆ. ಕಂಡರೆ ದೂರ ಸರಿಯಬೇಕು.

ಜಿಪಿಎಸ್ ನಿಮ್ಮ ದೋಣಿ ಎಲ್ಲಿದೆಯೆಂದು ಹೇಳುತ್ತದೆ; ನಕಾಶೆ ತಪ್ಪಿದ್ದರೆ ಅದನ್ನು ತಿದ್ದುವುದಿಲ್ಲ. ಆಗ ಕಣ್ಣಿಗೆ ಕಾಣುವ ಗುರುತೇ ಗತಿ. ಜುಲೈ 31ಕ್ಕೆ ಮೀನುಗಾರಿಕೆಯ ನಿಷೇಧ ಮುಗಿದು ಹೊರಡುವ ಮೊದಲು, ಮಳೆಗಾಲದಲ್ಲಿ ಯಾವ ಬೋಯ್ ಸರಿದಿದೆ, ಯಾವ ದೀಪ ಆರಿದೆ ಎಂದು ದೋಣಿ ನಡೆಸುವ ತಾಂಡೇಲರು ಬಂದರು ಕಚೇರಿಯಲ್ಲಿ ಕೇಳಿಕೊಳ್ಳಲಿ. ಸಮುದ್ರದಲ್ಲಿ ಅಂಥದ್ದು ಕಂಡರೆ ಸಮಯ, ಅಕ್ಷಾಂಶ, ರೇಖಾಂಶ ಬರೆದುಕೊಂಡು ಬಂದು ಅಲ್ಲೇ ತಿಳಿಸಲಿ. ಎಷ್ಟೋ ಸೂಚನೆಗಳು ಹುಟ್ಟುವುದು ಇಂಥ ವರದಿಯಿಂದಲೇ.