ಓದುಗರ ಪ್ರಶ್ನೆ: ಕಾಯಿ ಬಿಡದ ಮುರುಗಲು

ಪ್ರಶ್ನೆ: ನಮ್ಮ ತೋಟದ ಮುರುಗಲು (ಕೋಕಂ, ಪುನರ್ಪುಳಿ) ಮರ ಹೂ ಬಿಡುತ್ತದೆ, ಆದರೆ ಕಾಯಿ ಕಚ್ಚುವುದಿಲ್ಲ. ಕಾರಣವೇನು? ಉಪ್ಪಾಗೆಯೂ ಇದೇ ಕುಟುಂಬದ್ದೇ? ಅದರಿಂದ ಬೊಜ್ಜು ಕರಗುವುದು ನಿಜವೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮದು ಗಂಡು ಮರವಾಗಿರುವ ಸಾಧ್ಯತೆ ಹೆಚ್ಚು. ಮುರುಗಲಿನಲ್ಲಿ ಗಂಡು ಮತ್ತು ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಮರಗಳಲ್ಲಿ ಅರಳುವುದರಿಂದ, ಬೀಜದಿಂದ ಬೆಳೆಸಿದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಫಲ ಕೊಡದೆಯೇ ಉಳಿಯುತ್ತವೆ. ಹೊಸದಾಗಿ ನೆಡುವಾಗ ಹೆಣ್ಣು ಮರದಿಂದ ಕಸಿ ಮಾಡಿದ ಗಿಡವನ್ನೇ ಆರಿಸಿಕೊಳ್ಳಿ. ಇರುವ ಮರವನ್ನು ದಯವಿಟ್ಟು ಕಡಿಯಬೇಡಿ. ಸುತ್ತಲಿನ ಹೆಣ್ಣು ಮರಗಳಿಗೆ ಅದರ ಪರಾಗ ಬೇಕು.

ಉಪ್ಪಾಗೆ, ಮುರುಗಲು, ಮ್ಯಾಂಗೊಸ್ಟೀನ್ ಮೂರೂ ಕ್ಲೂಸಿಯೇಸಿ ಕುಟುಂಬದ ಗಾರ್ಸಿನಿಯಾ ಕುಲದ ನಿತ್ಯಹರಿದ್ವರ್ಣ ಮರಗಳು. ಮುರುಗಲಿನ ಒಣಸಿಪ್ಪೆ ಸಾರಿಗೆ ಹುಳಿಯಾದರೆ, ಬೀಜದಿಂದ ತೆಗೆದ ಗಟ್ಟಿ ತುಪ್ಪ ಒಡೆದ ಹಿಮ್ಮಡಿಗೆ ಮದ್ದು. ಸೌಂದರ್ಯವರ್ಧಕಗಳಲ್ಲೂ ಅದು ಬಳಕೆಯಾಗುತ್ತದೆ.

ಬೊಜ್ಜಿನ ಮಾತನ್ನು ನಂಬಬೇಡಿ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗವೊಂದರಲ್ಲಿ, ಉಪ್ಪಾಗೆ ಸಿಪ್ಪೆಯ ಹುಳಿ ಅಂಶವಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಔಷಧವಿಲ್ಲದ ಹುಸಿಗುಳಿಗೆಗಿಂತ ಹೆಚ್ಚು ತೂಕವನ್ನೇನೂ ಇಳಿಸಲಿಲ್ಲ. ತೂಕ ಇಳಿಸಲೆಂದು ಮಾರುವ ಉಪ್ಪಾಗೆ ಸಾರದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಈ ಗುಳಿಗೆಗಳಿಗಾಗಿ ಹುಟ್ಟಿದ ಉಪ್ಪಾಗೆ ಸಿಪ್ಪೆಯ ಬೇಡಿಕೆಯ ಬೆನ್ನುಹತ್ತಿ ನಮ್ಮ ಮಲೆನಾಡಿನಲ್ಲಿ ಕೊಂಬೆಗಳನ್ನೇ ಕಡಿದು ಕಾಯಿ ಕೊಯ್ದದ್ದು, ಸಿಪ್ಪೆ ಒಣಗಿಸಲು ಕಾಡಿನ ಸೌದೆ ಉರಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ.