ಮತ್ತಿನ ಮದ್ದು ಕೊಟ್ಟ ಮೇಲೆ ಎಚ್ಚರವಾಗದಿದ್ದರೆ? ನಾಯಿಯ ಸಂತಾನಹರಣ ಚಿಕಿತ್ಸೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಗಂಡುನಾಯಿಗೆ ಒಂದೂವರೆ ವರ್ಷ. ಆರೋಗ್ಯವಾಗಿದೆ. ಆಪರೇಷನ್ ಮಾಡಿಸೋಣ ಎಂದರೆ ಅಮ್ಮ ಒಪ್ಪುತ್ತಿಲ್ಲ. ‘ಮತ್ತು ಕೊಟ್ಟ ಮೇಲೆ ಎಚ್ಚರವಾಗದಿದ್ದರೆ ಏನು ಮಾಡ್ತೀಯ?’ ಎನ್ನುತ್ತಾರೆ. ನಿಜಕ್ಕೂ ಎಷ್ಟು ಅಪಾಯ?

ಉತ್ತರ: ಅಮ್ಮನ ಹೆದರಿಕೆ ಸರಿಯಾದ ಕಡೆಗೇ ಬೊಟ್ಟು ಮಾಡುತ್ತಿದೆ. ಗಂಡುನಾಯಿಯಲ್ಲಿ ಕತ್ತರಿಸುವ ಕೆಲಸ ಚಿಕ್ಕದು. ವೃಷಣ ಚೀಲದ ಮುಂದೆ ಒಂದು ಸೀಳು ಹಾಕಿ, ಅದರಿಂದಲೇ ಎರಡೂ ವೃಷಣಗಳನ್ನು ಹೊರತೆಗೆದು, ರಕ್ತನಾಳವಿರುವ ಹುರಿಯನ್ನು ಬಿಗಿಯಾಗಿ ಕಟ್ಟಿ ಕತ್ತರಿಸುತ್ತಾರೆ. ಪಳಗಿದ ಕೈಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಎಚ್ಚರ ಬೇಕಿರುವುದು ಅರಿವಳಿಕೆಯ ಬಗ್ಗೆ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ಸುಮಾರು 98 ಸಾವಿರ ನಾಯಿಗಳನ್ನು ಗಮನಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ನಾಯಿಗಳಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ಶೇ 0.05, ಅಂದರೆ ಎರಡು ಸಾವಿರಕ್ಕೆ ಸುಮಾರು ಒಂದು. ಮೊದಲೇ ಕಾಯಿಲೆಯಿದ್ದ ನಾಯಿಗಳಲ್ಲಿ ಅದು ಶೇ 1.33. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಿ. ನಾಯಿ ಟೇಬಲ್ ಏರುವ ಮೊದಲೇ ಅಪಾಯದ ಬಹುಪಾಲು ನಿರ್ಧಾರವಾಗಿರುತ್ತದೆ.

ಅದೇ ಅಧ್ಯಯನದ ಇನ್ನೊಂದು ಅಂಶ: ಚಿಕಿತ್ಸೆಯ ನಂತರ ಸತ್ತ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೊದಲ ಮೂರು ಗಂಟೆಯೊಳಗೇ ಸತ್ತಿದ್ದವು. ಹೊಲಿಗೆ ಮುಗಿದ ಕೂಡಲೇ ತೂಕಡಿಸುತ್ತಿರುವ ನಾಯಿಯನ್ನು ಮನೆಗೆ ಕಳಿಸಿಕೊಡುವ ಕಡೆ ಮಾಡಿಸಬೇಡಿ. ತಾನಾಗಿ ಎದ್ದು ನಿಲ್ಲುವವರೆಗೆ ಯಾರಾದರೂ ಅದರ ಮೇಲೆ ಕಣ್ಣಿಟ್ಟಿರಬೇಕು.

ಪ್ರಶ್ನೆ: ಆಪರೇಷನ್‌ಗೆ ಮುಂಚೆ ಯಾವ ಪರೀಕ್ಷೆ ಮಾಡಿಸಬೇಕು? ವೈದ್ಯರನ್ನು ಏನೇನು ಕೇಳಬಹುದು? ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಸಂಕೋಚ.

ಉತ್ತರ: ಸಂಕೋಚ ಬೇಡ, ಒಳ್ಳೆಯ ಪಶುವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ಮೊದಲು ಎದೆಗೆ ಸ್ಟೆತಸ್ಕೋಪ್ ಇಟ್ಟು ಹೃದಯದ ಬಡಿತ ಕೇಳಿರಬೇಕು, ನಾಯಿಯನ್ನು ತೂಕ ಹಾಕಿರಬೇಕು. ಅರಿವಳಿಕೆ ಮದ್ದಿನ ಲೆಕ್ಕವೆಲ್ಲ ಕಿಲೋ ಮೇಲೆ ನಿಂತಿರುವುದರಿಂದ ಅಂದಾಜಿನ ತೂಕ ನಡೆಯದು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಯಕೃತ್ತಿಗೆ ಎಎಲ್‌ಟಿ, ಇಷ್ಟು ನೋಡಬೇಕು. ಇವುಗಳಲ್ಲಿ ಪ್ಲೇಟ್‌ಲೆಟ್ ಎಣಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಜ್ವರ ಎಷ್ಟೋ ನಾಯಿಗಳಲ್ಲಿ ಹೊರಗೆ ಏನೂ ತೋರದೆ ಒಳಗೇ ಇರುತ್ತದೆ. ನಾಯಿ ತಿನ್ನುತ್ತದೆ, ಆಡುತ್ತದೆ. ಆದರೆ ಒಂದು ಮೈಕ್ರೊಲೀಟರ್‌ಗೆ ಎರಡು ಲಕ್ಷದಷ್ಟಾದರೂ ಇರಬೇಕಾದ ಪ್ಲೇಟ್‌ಲೆಟ್ ಐವತ್ತು ಸಾವಿರಕ್ಕೆ ಇಳಿದಿರುತ್ತದೆ. ಅಂಥದ್ದಕ್ಕೆ ಕತ್ತರಿ ಹಾಕಿದರೆ ರಕ್ತ ನಿಲ್ಲುವುದಿಲ್ಲ. ಎಣಿಕೆ ಕಡಿಮೆ ಬಂದರೆ ಗಾಬರಿ ಬೇಡ, ಜ್ವರಕ್ಕೆ ಚಿಕಿತ್ಸೆ ಮಾಡಿಸಿ, ಎಣಿಕೆ ಏರಿದೆಯೆಂದು ಮತ್ತೆ ಪರೀಕ್ಷಿಸಿದ ಮೇಲೆ ದಿನ ಗೊತ್ತುಮಾಡಿ.

ತಳಿಯನ್ನೂ ಹೇಳಿಬಿಡಿ. ಡಾಬರ್‌ಮನ್‌ಗಳಲ್ಲಿ ವಂಶವಾಹಿಯಾಗಿ ಬರುವ ರಕ್ತಸ್ರಾವದ ದೋಷವಿದೆ. ಅದರಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಾಗಿದ್ದರೂ ರಕ್ತ ಬೇಗ ನಿಲ್ಲದು. ಮೇಲ್ದುಟಿಯ ಒಳಬದಿಗೆ ಸಣ್ಣ ಗೀರು ಹಾಕಿ ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ನೋಡುವ ಸರಳ ಪರೀಕ್ಷೆಯಿದೆ, ನಾಲ್ಕು ನಿಮಿಷದೊಳಗೆ ನಿಲ್ಲಬೇಕು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವು ಆಪರೇಷನ್ ಹೊತ್ತಿನಲ್ಲಿ ಉಸಿರಾಟಕ್ಕೆಂದು ಬಾಯಿಂದ ಇಳಿಸಿದ ಕೊಳವೆ ತೆಗೆದ ಮೇಲೆ ಉಸಿರುಗಟ್ಟುವ ಸಂಭವ ಹೆಚ್ಚು. ಪೂರ್ತಿ ಎಚ್ಚರವಾಗಿ ನುಂಗಲು, ತಲೆಯೆತ್ತಲು ಶುರುಮಾಡುವವರೆಗೆ ಕೊಳವೆ ಬಾಯಲ್ಲೇ ಇರಬೇಕು. ಕೋಲಿ ಮತ್ತು ಬಾಕ್ಸರ್‌ಗಳಿಗೆ ಏಸ್‌ಪ್ರೊಮಜಿನ್ ಎಂಬ ಶಾಮಕ ಮದ್ದು ಬೇಗ ನಾಟುತ್ತದೆ, ಪ್ರಮಾಣ ಇಳಿಸಬೇಕಾಗುತ್ತದೆ.

ಇನ್ನು ಕೇಳಬೇಕಾದ್ದು: ಮುಂಗಾಲಿನ ರಕ್ತನಾಳಕ್ಕೆ ಕ್ಯಾನುಲಾ (ಮದ್ದು ಕೊಡುವ ಸಣ್ಣ ಕೊಳವೆ) ಹಾಕುತ್ತೀರಾ? ಉಸಿರಿನ ಕೊಳವೆ, ಆಮ್ಲಜನಕ ಇದೆಯೇ? ಪಲ್ಸ್ ಆಕ್ಸಿಮೀಟರ್ ನೋಡಿಕೊಳ್ಳಲು ಶಸ್ತ್ರವೈದ್ಯರಲ್ಲದೆ ಇನ್ನೊಬ್ಬರು ಇರುತ್ತಾರೆಯೇ? ಮೈ ಬೆಚ್ಚಗಿಡಲು ಏನು ಏರ್ಪಾಡು? ಕೊನೆಯದನ್ನು ಹಲವರು ಹಗುರವಾಗಿ ನೋಡುತ್ತಾರೆ, ಆದರೆ ಅರಿವಳಿಕೆಯಲ್ಲಿ ಮೈ ತಣ್ಣಗಾದಷ್ಟೂ ಮದ್ದು ಕರಗುವುದು ತಡವಾಗುತ್ತದೆ, ಎಚ್ಚರವೂ ತಡವಾಗುತ್ತದೆ. ಸ್ನಾಯುವಿಗೆ ಒಂದು ಇಂಜೆಕ್ಷನ್ ಕೊಟ್ಟು, ಕ್ಯಾನುಲಾ ಕೂಡ ಇಲ್ಲದೆ ಮುಗಿಸುತ್ತೇವೆ ಎಂದರೆ ಬೇರೆ ಕಡೆ ವಿಚಾರಿಸುವುದು ಒಳ್ಳೆಯದು. ತುರ್ತಿನಲ್ಲಿ ಮದ್ದು ಕೊಡಲು ದಾರಿಯೇ ಇಲ್ಲದಿರುವುದು ದೊಡ್ಡ ಕೊರತೆ.

ಪ್ರಶ್ನೆ: ಹಿಂದಿನ ರಾತ್ರಿಯಿಂದ ನೀರೂ ಕೊಡಬಾರದೆ?

ಉತ್ತರ: ದೊಡ್ಡ ನಾಯಿಗೆ ಊಟ ನಿಲ್ಲಿಸಿ ಆರರಿಂದ ಎಂಟು ಗಂಟೆಯಾಗಿದ್ದರೆ ಸಾಕು. ನೀರನ್ನು ಬೆಳಿಗ್ಗೆ ಹೊರಡುವವರೆಗೂ ಕೊಡಬಹುದು. ಮರಿಗಳನ್ನು ಮೂರು ನಾಲ್ಕು ಗಂಟೆಗಿಂತ ಹೆಚ್ಚು ಉಪವಾಸ ಕೆಡವಬಾರದು, ರಕ್ತದ ಸಕ್ಕರೆ ಕುಸಿಯುತ್ತದೆ. ‘ಪಾಪ, ಹಸಿದಿದೆ’ ಎಂದು ಮನೆಯಲ್ಲಿ ಯಾರೋ ಬಿಸ್ಕತ್ತು ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ಇನ್ನೊಂದು ದಿನಕ್ಕೆ ಹಾಕಿಸಿಕೊಳ್ಳಿ. ಮತ್ತಿನಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಪ್ರಶ್ನೆ: ನಮ್ಮ ಹೆಣ್ಣುನಾಯಿ ಹೋದ ವಾರ ಬೆದೆಗೆ ಬಂದಿದೆ. ಈಗಲೇ ಮಾಡಿಸಿಬಿಡೋಣವೆ? ಹೆಣ್ಣಿಗೆ ಅಪಾಯ ಜಾಸ್ತಿ ಎನ್ನುತ್ತಾರಲ್ಲ?

ಉತ್ತರ: ಈಗ ಬೇಡ. ಬೆದೆಯಲ್ಲಿ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ, ರಕ್ತಸ್ರಾವ ಹೆಚ್ಚುತ್ತದೆ. ಬೆದೆ ಮುಗಿದು ಎರಡು ಮೂರು ತಿಂಗಳು ಕಳೆಯಲಿ. ಆ ಹೊತ್ತಿಗೆ ಮೊಲೆಯಲ್ಲಿ ಹಾಲು ಕಾಣಿಸಿದರೆ, ಅದು ಇಂಗುವವರೆಗೆ ಕಾಯಿರಿ.

ಗಂಡಿಗೆ ಹೋಲಿಸಿದರೆ ಕೆಲಸ ದೊಡ್ಡದು, ನಿಜ. ಹೊಟ್ಟೆ ತೆರೆದು ಎರಡೂ ಅಂಡಾಶಯಗಳನ್ನು, ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಅಂಡಾಶಯದ ಬುಡದ ರಕ್ತನಾಳಕ್ಕೆ ಕಟ್ಟಿದ ದಾರ ಜಾರುವುದೇ ಇಲ್ಲಿನ ಮುಖ್ಯ ಅಪಾಯ. ಕೊಬ್ಬು ತುಂಬಿದ ನಾಯಿಯಲ್ಲಿ ಗಂಟು ಬಿಗಿಯಾಗಿ ಕೂರುವುದೇ ಕಷ್ಟ. ದಪ್ಪಗಿದ್ದರೆ ಮೊದಲು ತೂಕ ಇಳಿಸಿ. ಹಾಗೆಂದು ಮಾಡಿಸದೇ ಬಿಡುವುದು ಸುರಕ್ಷಿತ ಎಂದುಕೊಳ್ಳಬೇಡಿ. ಮಾಡಿಸದ ಹೆಣ್ಣುನಾಯಿಗಳಲ್ಲಿ ಹತ್ತು ವರ್ಷದೊಳಗೆ ಸುಮಾರು ನಾಲ್ಕಕ್ಕೊಂದಕ್ಕೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರುತ್ತದೆ. ಆಗ ಇದೇ ಆಪರೇಷನ್ನನ್ನು ನಂಜೇರಿದ, ವಯಸ್ಸಾದ ನಾಯಿಗೆ ಅವಸರದಲ್ಲಿ ಮಾಡಬೇಕಾಗುತ್ತದೆ.

ವಯಸ್ಸಿನ ಬಗ್ಗೆ ಒಂದು ಮಾತು. ಸಣ್ಣ ತಳಿಗೆ ಆರು ತಿಂಗಳಾದರೆ ಸಾಕು. ಜರ್ಮನ್ ಶೆಫರ್ಡ್, ರಾಟ್‌ವೀಲರ್, ಗೋಲ್ಡನ್ ರಿಟ್ರೀವರ್‌ನಂಥವಕ್ಕೆ ಮೂಳೆ ಬಲಿಯುವವರೆಗೆ, ಅಂದರೆ ಒಂದರಿಂದ ಒಂದೂವರೆ ವರ್ಷದವರೆಗೆ ಕಾಯುವುದು ಲೇಸು. ಬೇಗ ಮಾಡಿಸಿದವುಗಳಲ್ಲಿ ಕೀಲಿನ ತೊಂದರೆ ಹೆಚ್ಚು ಕಂಡಿದೆ. ದೊಡ್ಡ ತಳಿಯ ಕೆಲವು ಹೆಣ್ಣುಗಳಲ್ಲಿ ಮುಂದೆ ಮಲಗಿದಲ್ಲೇ ಮೂತ್ರ ಸೋರುವುದುಂಟು, ಅದಕ್ಕೆ ಮದ್ದಿದೆ.

ಪ್ರಶ್ನೆ: ಮನೆಗೆ ಕರೆತಂದ ಮೇಲೆ ಯಾವುದು ಸಹಜ, ಯಾವುದಕ್ಕೆ ಓಡಬೇಕು?

ಉತ್ತರ: ಮೊದಲ ರಾತ್ರಿ ಮಂಕು, ಸಣ್ಣ ನಡುಕ, ಊಟ ಬೇಡವೆನ್ನುವುದು, ಒಂದೆರಡು ಸಲ ಕೆಮ್ಮು (ಕೊಳವೆ ಹಾಕಿದ್ದರಿಂದ), ಇವೆಲ್ಲ ಸಹಜ. ಊಟ ಅರ್ಧದಷ್ಟೇ ಕೊಡಿ. ಮೆಟ್ಟಿಲು, ಸೋಫಾ ಹತ್ತಲು ಬಿಡಬೇಡಿ.

ಅಂದು ರಾತ್ರಿ ಎರಡು ಮೂರು ಗಂಟೆಗೊಮ್ಮೆ ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣವಿರಬೇಕು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ವಸಡು ಬಿಳಿಚಿ, ಹೊಟ್ಟೆ ಉಬ್ಬಿ, ನಾಯಿ ಏಳಲಾರದೆ ಏದುಸಿರು ಬಿಡುತ್ತಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ.

ಮೂರರಿಂದ ಐದನೆಯ ದಿನ ಹೊಲಿಗೆ ಬಿಚ್ಚಿಕೊಳ್ಳುವ ಕಾಲ. ಬಹುತೇಕ ಸಲ ಕಾರಣ ನಾಯಿಯ ನಾಲಿಗೆಯೇ. ವೈದ್ಯರು ಹೊಲಿಗೆ ತೆಗೆಯುವ ತನಕ, ಅಂದರೆ ಹತ್ತರಿಂದ ಹದಿನಾಲ್ಕು ದಿನ, ನೆಕ್ಕದಂತೆ ಕೊರಳಿಗೆ ಹಾಕಿದ ಕೋನ್ ತೆಗೆಯಬಾರದು. ‘ನಾವು ಎದುರಿಗೇ ಇದ್ದೇವಲ್ಲ’ ಎಂಬ ಐದು ನಿಮಿಷದಲ್ಲೇ ಅನಾಹುತವಾಗುವುದು. ಸ್ನಾನ ಬೇಡ, ಗಾಯಕ್ಕೆ ಅರಿಶಿನವಾಗಲಿ ಪುಡಿಯಾಗಲಿ ಬೇಡ. ಗಂಡಿನ ಚೀಲ ಸ್ವಲ್ಪ ಊದುವುದು ಸಹಜ, ದಿನದಿನಕ್ಕೆ ದೊಡ್ಡದಾಗುತ್ತ ಕಪ್ಪಾಗುತ್ತಿದ್ದರೆ ಒಳಗೆ ರಕ್ತ ಕಟ್ಟಿದೆ, ತೋರಿಸಿ. ಹೆಣ್ಣಿನ ಹೊಲಿಗೆಯಿಂದ ಕರುಳೋ ಕೊಬ್ಬೋ ಹೊರಬಂದರೆ ಒಳಗೆ ತಳ್ಳಬೇಡಿ. ಒದ್ದೆ ಮಾಡಿದ ಶುದ್ಧ ಬಟ್ಟೆ ಮುಚ್ಚಿ, ನೆಕ್ಕದಂತೆ ಹಿಡಿದು ಹೊರಡಿ.

ನೋವಿಗೆ ವೈದ್ಯರು ಬರೆದ ಮದ್ದು ಮಾತ್ರ. ಮನೆಯಲ್ಲಿರುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಗಾಯ ಮಾಗಿದ ಮೇಲೆ ಊಟವನ್ನು ನಾಲ್ಕನೇ ಒಂದು ಭಾಗದಷ್ಟು ಇಳಿಸಿ. ‘ಆಪರೇಷನ್ನಿಂದ ದಪ್ಪವಾಯಿತು’ ಎಂಬ ದೂರಿನ ಹಿಂದೆ ಇಳಿಸದ ತಟ್ಟೆ ಇರುತ್ತದೆ.

ಪ್ರಶ್ನೆ: ನಮ್ಮ ಗಂಡುನಾಯಿ ಬಂದವರ ಮೇಲೆಲ್ಲ ಎಗರುತ್ತದೆ. ಆಪರೇಷನ್ ಮಾಡಿಸಿದರೆ ಸಾಧುವಾಗುತ್ತದೆಯೆ? ಕತ್ತರಿಯಿಲ್ಲದ ದಾರಿ ಇದೆಯೆ?

ಉತ್ತರ: ಬೆದೆಯ ವಾಸನೆ ಹಿಡಿದು ಓಡಿಹೋಗುವುದು, ಕಂಡಲ್ಲೆಲ್ಲ ಕಾಲೆತ್ತುವುದು ಕಡಿಮೆಯಾಗುತ್ತವೆ. ಹೆದರಿಕೆಯಿಂದ ಎಗರುವ ನಾಯಿ ಮಾತ್ರ ಬದಲಾಗದಿರಬಹುದು, ಕೆಲವೊಮ್ಮೆ ಇನ್ನಷ್ಟು ಹೆದರಬಹುದು. ನಿಮ್ಮ ಪ್ರಶ್ನೆಗೆ, ಗಂಡು ಹಾರ್ಮೋನನ್ನು ತಾತ್ಕಾಲಿಕವಾಗಿ ತಗ್ಗಿಸುವ ಡೆಸ್ಲೊರೆಲಿನ್ ಇಂಪ್ಲಾಂಟ್ ಹೊಂದುತ್ತದೆ. ಭುಜಗಳ ನಡುವೆ ಚರ್ಮದಡಿ ಸೇರಿಸುವ ಅಕ್ಕಿಕಾಳಿನಷ್ಟು ಗುಳಿಗೆ, 4.7 ಮಿಲಿಗ್ರಾಂನದು ಕನಿಷ್ಠ ಆರು ತಿಂಗಳು, 9.4ರದು ಒಂದು ವರ್ಷ ಕೆಲಸ ಮಾಡುತ್ತದೆ. ಸ್ವಭಾವ ಹೇಗೆ ತಿರುಗುತ್ತದೆಂದು ಮೊದಲೇ ನೋಡಿಕೊಳ್ಳಬಹುದು, ಹಿಡಿಸದಿದ್ದರೆ ಮದ್ದು ಇಳಿದ ಮೇಲೆ ಮೊದಲಿನಂತಾಗುತ್ತದೆ. ಹಾಕಿಸಿದ ಮೊದಲ ಕೆಲವು ವಾರ ಹಾರ್ಮೋನ್ ಏರಿ ಆರ್ಭಟ ಹೆಚ್ಚುವುದುಂಟು. ಆರೇಳು ವಾರ ಹೆಣ್ಣುನಾಯಿಗಳಿಂದ ದೂರವಿಡಿ, ದೊಡ್ಡ ಗುಳಿಗೆಯಾದರೆ ಇನ್ನೂ ಹೆಚ್ಚು ಕಾಲ. ಶಸ್ತ್ರಚಿಕಿತ್ಸೆ ಮಾಡಿಸಿದ ಗಂಡಿಗೂ ಒಂದು ತಿಂಗಳಿಗೆ ಮೀರಿ ಇದೇ ಪಥ್ಯ. ನಾಳದಲ್ಲಿ ಉಳಿದ ವೀರ್ಯದಿಂದ ಗರ್ಭ ನಿಲ್ಲಬಹುದು.